ಬ್ಯಾಟರಿಗೆ ಎತ್ತಿದ ಆರತಿ

ನಮ್ಮ ಮನೆಗೆ ಬಂದ ನೆಂಟರು ಮೊಬೈಲನ್ನು ಚಾರ್ಜಿಗೆ ಇಟ್ಟರೆ ನಾನು ಎದ್ದು ಹೋಗಿ ಕಿಟಕಿ ತೆರೆಯುತ್ತೇನೆ. ಅವರು ಸೆಕೆ ಎಂದುಕೊಳ್ಳುತ್ತಾರೆ. ನಮ್ಮ ಕರಾವಳಿಯಲ್ಲಿ ಸೆಕೆಯ ನೆಪ ಹೇಳಿದರೆ ವರ್ಷದ ಯಾವ ತಿಂಗಳಲ್ಲೂ ಯಾರೂ ಮರುಪ್ರಶ್ನೆ ಹಾಕುವುದಿಲ್ಲ, ಅದೊಂದು ಅನುಕೂಲ. ಕಿಟಕಿ ತೆರೆದ ಮೇಲೆ ದೇವರ ಕೋಣೆಯ ಕಡೆಗೆ ಒಮ್ಮೆ ಕಣ್ಣು ಹಾಯಿಸುತ್ತೇನೆ. ಅಲ್ಲಿ ದೀಪ ಉರಿಯುತ್ತಿದ್ದರೆ ಮೊಬೈಲನ್ನು ಕಿತ್ತು ದೂರದ ಕೋಣೆಯ ಪ್ಲಗ್ಗಿಗೆ ಸಾಗಿಸುತ್ತೇನೆ. ಅಂಗೈಯಗಲದ ಆ ಯಂತ್ರಕ್ಕೂ ನನ್ನ ಹೆದರಿಕೆಗೂ ಏನೂ ಸಂಬಂಧವಿಲ್ಲ ಎಂದು ನನಗೆ ಗೊತ್ತಿದೆ. ಕಾಲೇಜು ಓದಿದ್ದೇನೆ, ದಿನಾ ಪೇಪರು ಓದುತ್ತೇನೆ, ಮಕ್ಕಳಿಗೆ ಹೆದರಬಾರದು ಎಂದು ಉಪದೇಶವನ್ನೂ ಮಾಡುತ್ತೇನೆ. ಕೈ ಮಾತ್ರ ಕೇಳುವುದಿಲ್ಲ. ನನ್ನ ಗಂಡ ಇದಕ್ಕೆ ‘ಚಿಕ್ಕಮ್ಮನ ವ್ರತ’ ಎಂದು ಹೆಸರಿಟ್ಟಿದ್ದಾರೆ.

ವ್ರತದ ಮೂಲ ಹೇಳಬೇಕಾದರೆ ಟಾರ್ಚಿನ ಸೆಲ್ಲುಗಳಿಂದ ಶುರು ಮಾಡಬೇಕು. ಹೆಬ್ರಿಯ ನಮ್ಮ ಮನೆಗೆ ಹೈಸ್ಕೂಲು ದೂರ ಎಂದು ನನ್ನನ್ನು ಕಾಪುವಿನ ಅಜ್ಜಿಮನೆಯಲ್ಲಿ ಬಿಟ್ಟಿದ್ದರು. ತೊಂಬತ್ತರ ದಶಕದ ಕೊನೆಯ ವರ್ಷಗಳು. ಸಂಜೆಯಾದರೆ ಕರೆಂಟು ಹೋಗುವುದು, ಕರೆಂಟು ಹೋದರೆ ಟಾರ್ಚು, ಟಾರ್ಚಿಗೆ ಸೆಲ್ಲು. ಅಜ್ಜಿಯ ಪ್ರಕಾರ ಸೆಲ್ಲು ಸಾಯುವುದಿಲ್ಲ, ಸುಸ್ತಾಗುತ್ತದೆ. ಸುಸ್ತಾದ ಸೆಲ್ಲುಗಳನ್ನು ಹಪ್ಪಳ ಒಣಗಿಸುವ ಚಾಪೆಯ ಮೂಲೆಯಲ್ಲಿ ಸಾಲಾಗಿ ಮಲಗಿಸುತ್ತಿದ್ದರು. ಹಲಸಿನ ಹಪ್ಪಳಕ್ಕೂ ಸೆಲ್ಲಿಗೂ ಒಂದೇ ಬಿಸಿಲು, ಎರಡಕ್ಕೂ ಕಾಗೆ ಓಡಿಸಲು ಒಬ್ಬಳೇ ನಾನು. ಕಾಗೆಗಳಿಗೆ ಸೆಲ್ಲು ಬೇಡವೆಂಬುದು ನನಗೆ ಹೊಳೆಯಲು ಒಂದು ಇಡೀ ಬೇಸಿಗೆ ಹಿಡಿಯಿತು. ಬಿಸಿಲು ಕುಡಿದ ಸೆಲ್ಲುಗಳು ಸಂಜೆ ರೇಡಿಯೋದೊಳಗೆ ಕೂತು ವಾರ್ತೆ ಮುಗಿಯುವ ತನಕ ಗಟ್ಟಿಯಾಗಿ ಮಾತಾಡುತ್ತಿದ್ದವು. ಚಿತ್ರಗೀತೆ ಬರುವ ಹೊತ್ತಿಗೆ ಅವುಗಳ ಗಂಟಲು ಕಟ್ಟುತ್ತಿತ್ತು. ಸೌರಶಕ್ತಿಯ ಉಪಯೋಗಗಳನ್ನು ಬರೆಯಿರಿ ಎಂದು ಪರೀಕ್ಷೆಯಲ್ಲಿ ಕೇಳಿದಾಗ ನಾನು ಹಪ್ಪಳದ ಜೊತೆಗೆ ಇದನ್ನೂ ಬರೆದು ಬಂದಿದ್ದೆ. ಮಾಸ್ಟ್ರು ಅಡಿಗೆರೆ ಎಳೆದು ‘ಯಾರು ಹೇಳಿದರು?’ ಎಂದು ಕೆಂಪು ಶಾಯಿಯಲ್ಲಿ ಕೇಳಿದ್ದರು.

ಆ ಮನೆಯಲ್ಲಿ ಅಜ್ಜಿಯ ಜೊತೆ ಇದ್ದವರು ಇಬ್ಬರು. ಒಬ್ಬರು ನನ್ನ ಅಮ್ಮನ ತಂಗಿ ಗುಲಾಬಿ ಚಿಕ್ಕಮ್ಮ, ಇನ್ನೊಬ್ಬರು ಅವರಿಬ್ಬರ ತಮ್ಮ ಶೀನ ಮಾವ. ಮಾತೆಲ್ಲ ತುಳು. ಇಲ್ಲಿ ನನ್ನ ಕೈಯಲ್ಲಿ ಎಲ್ಲರೂ ಕನ್ನಡ ಮಾತಾಡುತ್ತಿದ್ದಾರೆ, ಅಜ್ಜಿ ಕೇಳಿದ್ದರೆ ತಾನು ಯಾವಾಗ ಟೀಚರಾದೆ ಎಂದು ನಗುತ್ತಿದ್ದರು.

ಚಿಕ್ಕಮ್ಮನಿಗೆ ಮಗುವಾಗಿದ್ದಾಗಲೇ ಪೋಲಿಯೋ ಬಂದು ಬಲಗಾಲು ಬೆಳೆಯದೆ ಉಳಿದಿತ್ತು. ಮನೆಯೊಳಗೆ ಗೋಡೆ ಹಿಡಿದು, ಬಾಗಿಲ ದಾರಂದ ಹಿಡಿದು, ಒಂದು ಕೈಯನ್ನು ಮೊಣಕಾಲಿನ ಮೇಲೆ ಒತ್ತಿಕೊಂಡು ನಡೆಯುತ್ತಿದ್ದರು. ಹಾಗೆ ನಡೆದೇ ನನ್ನನ್ನು ಅಟ್ಟಿಸಿಕೊಂಡು ಬಂದು ಜಡೆ ಹಿಡಿಯುವಷ್ಟು ಚುರುಕು. ಅಂಗಳ ದಾಟಬೇಕಾದರೆ ಮಾತ್ರ ಇನ್ನೊಬ್ಬರ ಹೆಗಲು ಬೇಕು. ಕೈಯಲ್ಲಿ ತಿರುಗಿಸುವ ಮೆಷಿನಿನಲ್ಲಿ ರವಿಕೆ ಹೊಲಿಯುತ್ತಿದ್ದರು. ಶಿರ್ವದ ದೊಡ್ಡ ಮನೆಗಳ ಹೆಂಗಸರು ದುಬೈ ಬಟ್ಟೆ ಹಿಡಿದುಕೊಂಡು ಕಾರಿನಲ್ಲಿ ನಮ್ಮ ಅಂಗಳಕ್ಕೆ ಬಂದು ಇಳಿಯುತ್ತಿದ್ದರು. ಹೀಗೆ ಊರು ಅವರ ಬಳಿಗೆ ಬರುತ್ತಿತ್ತು. ಅವರು ಊರಿಗೆ ಹೋಗಬೇಕಾದರೆ ಯಾರನ್ನಾದರೂ ಕೇಳಬೇಕಿತ್ತು. ಕೇಳುವುದೆಂದರೆ ಅವರಿಗೆ ಆಗದು. ನೇರವಾಗಿ ಬಾಯಿಬಿಟ್ಟು ಕೇಳಿದ್ದನ್ನು ನಾನು ಕಾಣೆ. ‘ಇವತ್ತು ಮೋಡ ಇಲ್ಲ ಅಲ್ವಾ’ ಎನ್ನುತ್ತಿದ್ದರು. ಅದರ ಅರ್ಥ ಕಡಲಿಗೆ ಹೋಗಬೇಕು ಎಂದು. ಆ ಮಾತು ಬೆಳಿಗ್ಗೆಯಿಂದ ಸಂಜೆಯ ತನಕ ಮನೆಯೊಳಗೆ ಸುತ್ತುತ್ತಿತ್ತು. ಯಾರಿಗಾದರೂ ಪುರುಸೊತ್ತಾದರೆ ಕಡಲು, ಇಲ್ಲದಿದ್ದರೆ ಮರುದಿನವೂ ಮೋಡ ಇರುತ್ತಿರಲಿಲ್ಲ.

ಎರಡು ಸಾವಿರದ ಏಳೋ ಎಂಟೋ ಇರಬೇಕು. ಉಡುಪಿಯಲ್ಲಿ ಕರೆಂಟ್ ಸ್ಕೂಟರಿನ ಅಂಗಡಿಯೊಂದು ತೆರೆಯಿತು. ನಾನಾಗ ಕಾಲೇಜು ಮುಗಿಸಿ ಮಣಿಪಾಲದ ಒಂದು ಆಫೀಸಿನಲ್ಲಿ ಕೆಲಸಕ್ಕೆ ಸೇರಿದ್ದೆ. ಬಸ್ಸಿನಿಂದ ಕಂಡ ಬೋರ್ಡನ್ನು ಮನೆಯಲ್ಲಿ ಸುಮ್ಮನೆ ಹೇಳಿದೆ. ಕಿಕ್ ಹೊಡೆಯಬೇಕೆಂದಿಲ್ಲ, ಗೇರಿಲ್ಲ, ಲೈಸೆನ್ಸೂ ಬೇಡ, ಕೈ ತಿರುಗಿಸಿದರೆ ಹೋಗುತ್ತದೆ. ಚಿಕ್ಕಮ್ಮ ಹೊಲಿಗೆ ನಿಲ್ಲಿಸಿದರು. ‘ಕೈ ತಿರುಗಿಸುವುದಾ?’ ಎಂದು ಮತ್ತೊಮ್ಮೆ ಕೇಳಿದರು. ಕೈ ತಿರುಗಿಸುವುದರಲ್ಲಿ ಅವರನ್ನು ಮೀರಿಸುವವರು ಆ ಊರಿನಲ್ಲಿ ಯಾರಿದ್ದರು?

ಸ್ಕೂಟರು ಬಂತು. ಸಂತೆಕಟ್ಟೆಯ ವೆಲ್ಡರ್ ಒಬ್ಬರು ಹಿಂದಿನ ಚಕ್ರದ ಎರಡೂ ಬದಿಗೆ ಸಣ್ಣ ಚಕ್ರಗಳನ್ನು ಕೂರಿಸಿಕೊಟ್ಟರು. ಎಡಗಡೆಯದು ಒಂದಿಷ್ಟು ತಗ್ಗಾಗಿ ಕೂತಿತ್ತು. ಅದರಿಂದಾಗಿ ಸ್ಕೂಟರಿಗೆ ಯಾವಾಗಲೂ ಎಡಕ್ಕೆ, ಚರಂಡಿಯ ಕಡೆಗೆ ಒಂದು ಸೆಳೆತ. ಹುಲ್ಲು ಕಂಡ ಎಮ್ಮೆಯ ಹಾಗೆ. ಚಿಕ್ಕಮ್ಮ ಅದನ್ನು ಬೈಯುತ್ತಾ, ಬಲಕ್ಕೆ ಎಳೆಯುತ್ತಾ, ಶಿರ್ವದ ರಸ್ತೆಯಲ್ಲಿ ಹೋಗುತ್ತಿದ್ದರೆ ಸೈಕಲ್ಲಿನವರು ಬೆಲ್ ಹೊಡೆದು ಹಿಂದೆ ಹಾಕಿ ಮುಂದೆ ಹೋಗುತ್ತಿದ್ದರು. ಚಿಕ್ಕಮ್ಮನಿಗೆ ಬೇಸರವಿಲ್ಲ. ಹಿಂದೆ ಬಿದ್ದವರೇ ಊರನ್ನು ಸರಿಯಾಗಿ ನೋಡುವುದು ಎಂಬ ಹಾಗೆ ಕೂತಿರುತ್ತಿದ್ದರು.

ಆದಿತ್ಯವಾರ ನಾನು ಹಿಂದೆ ಕೂರುತ್ತಿದ್ದೆ. ಆ ಸ್ಕೂಟರಿಗೆ ಶಬ್ದವೇ ಇರಲಿಲ್ಲ. ಬೇರೆ ಗಾಡಿಗಳಲ್ಲಿ ಹೋಗುವಾಗ ಕೇಳದ ಎಷ್ಟೋ ಸಂಗತಿ ಅದರಲ್ಲಿ ಕೇಳುತ್ತಿತ್ತು. ಯಾರದೋ ಅಡುಗೆಮನೆಯ ಒಗ್ಗರಣೆ, ಬಾವಿಯ ರಾಟೆ, ಬೇಲಿಯಾಚೆ ಮುಗಿಯದ ಜಗಳದ ಒಂದು ವಾಕ್ಯ. ಪೂರ್ತಿ ಜಗಳ ಕೇಳಬೇಕೆನಿಸಿದರೆ ಚಿಕ್ಕಮ್ಮ ಕೈ ಸಡಿಲಿಸುತ್ತಿದ್ದರು. ನನ್ನ ಮೂಗಿಗೆ ಅವರ ಸೀರೆಯ ಗಂಜಿಯ ವಾಸನೆ, ಅದರೊಳಗೆ ಸ್ವಲ್ಪ ಮೆಷಿನ್ ಎಣ್ಣೆಯ ವಾಸನೆ. ಹೆದ್ದಾರಿ ದಾಟಿದ ಮೇಲೆ ಒಣಮೀನಿನ ವಾಸನೆ ಬಂದು ಅವೆರಡನ್ನೂ ಮುಚ್ಚಿಬಿಡುತ್ತಿತ್ತು. ಈಗ ಎಷ್ಟು ಹುಡುಕಿದರೂ ಆ ಮೂರು ಒಟ್ಟಿಗೆ ಸಿಗುವುದಿಲ್ಲ. ಒಣಮೀನು ಉಂಟು, ಎಣ್ಣೆಯೂ ಉಂಟು. ಚಿಕ್ಕಮ್ಮ ಹೋಗಿ ವರ್ಷಗಳಾದವು. ಒಂದು ಮಳೆಗಾಲದಲ್ಲಿ ಜ್ವರ ಬಂದು ಹೋದರು, ಸ್ಕೂಟರಿಗೂ ಅದಕ್ಕೂ ಸಂಬಂಧವಿಲ್ಲ. ಆದರೆ ಅವರನ್ನು ನೆನೆದಾಗಲೆಲ್ಲ ನನಗೆ ಮೊದಲು ಕಾಣುವುದು ಅವರ ಬೆನ್ನು, ಗಾಳಿಗೆ ಉಬ್ಬಿದ ಸೆರಗು. ಮುಖ ನೆನಪಿಸಿಕೊಳ್ಳಲು ಹೊರಟರೆ ಇನ್ನೊಂದು ದಿನದ ಮುಖ ಅಡ್ಡ ಬರುತ್ತದೆ. ಅಲ್ಲಿಗೇ ಬರುತ್ತಿದ್ದೇನೆ.

ಮುಂಬೈಯಲ್ಲಿದ್ದ ಸಂಬಂಧಿಕರೊಬ್ಬರಿಗೆ ಆಪರೇಷನ್ ಆಗಿ, ಮನೆ ನೋಡಿಕೊಳ್ಳಲು ಜನ ಬೇಕೆಂದಾಗ ಚಿಕ್ಕಮ್ಮ ಹೋದರು. ಒಂದು ತಿಂಗಳಿಗೆ ಎಂದು ಹೊರಟವರು ಎರಡು ಮಳೆಗಾಲ ಕಳೆದು ಬಂದರು. ಅಷ್ಟೂ ಕಾಲ ನಾವು ಸ್ಕೂಟರನ್ನು ಜೋಪಾನ ಮಾಡಿದ್ದೇ ಮಾಡಿದ್ದು. ತೆಂಗಿನಕಾಯಿ ರಾಶಿ ಹಾಕುವ ಕೊಟ್ಟಿಗೆಯಲ್ಲಿ ಹಲಗೆಯ ಮೇಲೆ ನಿಲ್ಲಿಸಿ ಟಾರ್ಪಾಲು ಹೊದೆಸಿದ್ದೆವು. ಅಜ್ಜಿ ಶುಕ್ರವಾರ ತಪ್ಪದೆ ಒರೆಸುತ್ತಿದ್ದರು. ಮಾವ ಟೈರಿಗೆ ಗಾಳಿ ಹಾಕುತ್ತಿದ್ದರು. ಯಾರಾದರೂ ಎರವಲು ಕೇಳಿದರೆ ಮೂವರೂ ಒಕ್ಕೊರಲಿನಿಂದ ಇಲ್ಲ ಎನ್ನುತ್ತಿದ್ದೆವು. ಉಪಯೋಗಿಸದೆ ಇಟ್ಟದ್ದು ಸವೆಯುವುದಿಲ್ಲ ಎಂದು ನಮಗೆ ಗೊತ್ತು. ಪೆಟ್ಟಿಗೆಯಲ್ಲಿಟ್ಟ ರೇಷ್ಮೆ ಸೀರೆ ಹಾಗೆ, ಮಾಳಿಗೆಯ ತಾಮ್ರದ ಹಂಡೆ ಹಾಗೆ. ಸುಮ್ಮನೆ ನಿಂತೇ ಸಾಯುವ ವಸ್ತುವೊಂದು ಜಗತ್ತಿನಲ್ಲಿ ಇರಬಹುದೆಂದು ಆ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ.

ಬಂದ ಮರುದಿನವೇ ಚಿಕ್ಕಮ್ಮ ಚಾರ್ಜರ್ ಚುಚ್ಚಿಸಿದರು. ಹಸಿರು ದೀಪ ಬಂತು. ಹಸಿರೆಂದರೆ ಬ್ಯಾಟರಿ ತುಂಬಿದೆ ಎಂದರ್ಥ. ಎರಡು ವರ್ಷದ ಹತ್ತಿರ ನಿಂತರೂ ಒಂದು ತೊಟ್ಟೂ ಇಳಿದಿಲ್ಲ ಎಂದು ಅಜ್ಜಿಗೆ ಬಹಳ ಸಂತೋಷವಾಯಿತು, ತನ್ನ ಒರೆಸುವಿಕೆಯ ಬಗ್ಗೆ ಅಭಿಮಾನವೂ ಮೂಡಿತು. ಚಿಕ್ಕಮ್ಮ ಹತ್ತಿ ಕೂತು ಕೈ ತಿರುಗಿಸಿದರು. ಸ್ಕೂಟರು ಅಲುಗಲಿಲ್ಲ. ಮತ್ತೆ ತಿರುಗಿಸಿದರು. ಬ್ಯಾಟರಿ ಎಷ್ಟು ಸತ್ತಿತ್ತೆಂದರೆ ತನ್ನ ಮುಂದೆ ಒಂದು ಬ್ಯಾಟರಿ ಇದೆ ಎಂಬುದೇ ಚಾರ್ಜರಿಗೆ ಗೊತ್ತಾಗಿರಲಿಲ್ಲ. ಕೆಲಸವಿಲ್ಲದೆ ಹಸಿರಾಗಿ ಕೂತಿತ್ತು. ಚಿಕ್ಕಮ್ಮ ಸ್ಕೂಟರಿನಿಂದ ಇಳಿಯಲು ಎಷ್ಟು ಹೊತ್ತು ತೆಗೆದುಕೊಂಡರೆಂದರೆ ನಾವು ಬೇರೆ ಬೇರೆ ದಿಕ್ಕಿಗೆ ನೋಡಬೇಕಾಯಿತು.

ಉಡುಪಿಯ ಅಂಗಡಿಗೆ ಹೋದರೆ ಅಲ್ಲಿ ಜ್ಯೂಸಿನಂಗಡಿ ಇತ್ತು. ಸ್ಕೂಟರಿನವರು ಎಲ್ಲಿ ಎಂದು ಕೇಳಿದ್ದಕ್ಕೆ ಅವರೂ ಅವರ ಕಂಪನಿಯೂ ಬಾಗಿಲು ಹಾಕಿ ಬಹಳ ದಿನವಾಯಿತು ಎಂದರು. ನಾನು ಒಂದು ಮೂಸಂಬಿ ಜ್ಯೂಸು ಕುಡಿದು ವಾಪಸು ಬಂದೆ. ಆಗ ಮನೆಯಲ್ಲಿ ಎರಡು ಪಕ್ಷಗಳಾದವು. ಬಿಸಿಲಿಗೆ ಇಡುವ ಎಂಬುದು ಅಜ್ಜಿಯ ಪಕ್ಷ. ಬಹರೈನಿನಲ್ಲಿ ಏಸಿ ಮೆಕ್ಯಾನಿಕ್ ಆಗಿದ್ದು ಬಂದ ಶೀನ ಮಾವನದು ರಿಪೇರಿಯ ಪಕ್ಷ. ಅಲ್ಲಿ ಮರುಭೂಮಿಯಲ್ಲಿ ಯಾವುದನ್ನೂ ಬಿಸಾಡುವುದಿಲ್ಲ, ಎಲ್ಲವನ್ನೂ ಎಬ್ಬಿಸುತ್ತಾರೆ ಎಂಬುದು ಅವರ ವಾದ. ಅವರ ಬಹರೈನು ನಮಗೆ ಎಲ್ಲ ರೋಗಕ್ಕೂ ಮದ್ದಾಗಿತ್ತು, ಗಡಿಯಾರ ನಿಂತರೂ ಅದೇ, ಮಿಕ್ಸಿ ಸುಟ್ಟರೂ ಅದೇ.

ಅಲ್ಲಿ ಅವರ ಜೊತೆಗಿದ್ದ ಒಬ್ಬರು ಈಗ ಕಾರ್ಕಳದಲ್ಲಿ ಬ್ಯಾಟರಿ ಕೆಲಸ ಮಾಡುತ್ತಿದ್ದರು. ಮಾವ ನಾಲ್ಕೂ ಬ್ಯಾಟರಿಗಳನ್ನು ಗೋಣಿಯಲ್ಲಿ ಕಟ್ಟಿ ಬಸ್ಸು ಹತ್ತಿದರು. ಗೋಣಿ ಎತ್ತಲು ಹೋದ ಕಂಡಕ್ಟರು ಬೆನ್ನು ಹಿಡಿದುಕೊಂಡು, ‘ಎಂತ ಮಾರಾಯ, ಕಾರ್ಕಳದಿಂದ ಕಲ್ಲು ತರುವವರನ್ನು ನೋಡಿದ್ದೇನೆ, ಕಾರ್ಕಳಕ್ಕೆ ಕಲ್ಲು ಕೊಂಡುಹೋಗುವವನನ್ನು ಇವತ್ತೇ ನೋಡಿದ್ದು’ ಎಂದರಂತೆ. ಮಾವ ಅದನ್ನು ವರ್ಷಗಟ್ಟಲೆ ಹೇಳಿ ನಗುತ್ತಿದ್ದರು.

ಕಾರ್ಕಳದವರು ಮಾಡಿಕೊಡಲು ಒಪ್ಪದೆ ಮಾಡುವ ರೀತಿ ಹೇಳಿ ಕಳಿಸಿದರು. ಮೇಲಿನ ಪ್ಲಾಸ್ಟಿಕ್ ಪಟ್ಟಿಯನ್ನು ಸ್ಕ್ರೂಡ್ರೈವರಿನಿಂದ ಎಬ್ಬಿಸಬೇಕು. ಕೆಳಗೆ ಆರು ರಬ್ಬರಿನ ಟೊಪ್ಪಿಗಳು. ಅವನ್ನು ತೆಗೆದರೆ ಆರು ತೂತು. ಮಾವ ತೆಗೆದಾಗ ಒಳಗೆ ಬೇಸಿಗೆಯ ಗದ್ದೆಯ ಹಾಗೆ ಒಣಗಿತ್ತು. ಮೆಡಿಕಲ್‌ನಿಂದ ತಂದ ಸಿರಿಂಜಿನಲ್ಲಿ ಬ್ಯಾಟರಿ ನೀರನ್ನು ಹನಿಹನಿಯಾಗಿ ಬಿಡುತ್ತಿದ್ದರು. ಅಜ್ಜಿ ಪಕ್ಕದಲ್ಲಿ ಕೂತು, ಬಾಣಂತಿಗೆ ಕುಡಿಸುವ ಹಾಗೆ ಮೆಲ್ಲ, ಮೆಲ್ಲ ಎನ್ನುತ್ತಿದ್ದರು. ನೀರು ಕುಡಿದ ಬ್ಯಾಟರಿಯನ್ನು ಒಂದು ದಿನ ಹಾಗೆಯೇ ಬಿಟ್ಟು, ಪಕ್ಕದ ಮನೆಯ ಕಾರಿನ ಬ್ಯಾಟರಿ ಎರವಲು ತಂದು ಅದಕ್ಕೆ ತಂತಿ ಜೋಡಿಸುತ್ತಿದ್ದರು. ಬಲವಿದ್ದದ್ದು ಬಲವಿಲ್ಲದ್ದನ್ನು ಎಬ್ಬಿಸಬೇಕು, ಚಾರ್ಜರ್ ಗುರುತು ಹಿಡಿಯುವಷ್ಟು. ಮೊದಲನೆಯ ಬ್ಯಾಟರಿಗೆ ಹೀಗೆ ಮಾಡಿ ಸ್ಕೂಟರಿನದೇ ಬಲ್ಬನ್ನು ಹಿಡಿದು ನೋಡಿದಾಗ ಅದರೊಳಗಿನ ತಂತಿ ಮೊದಲು ಕೆಂಪಾಯಿತು, ಆಮೇಲೆ ಬೆಳಗಿತು. ಹಗಲು ಹೊತ್ತಿನ ಆ ಬಡಪಾಯಿ ಬೆಳಕನ್ನು ನೋಡಲು ನೆರೆಮನೆಯವರೂ ಬಂದರು. ಚಿಕ್ಕಮ್ಮ ಬಲ್ಬಿನ ಮೇಲೆ ಅಂಗೈ ಇಟ್ಟು ಬಿಸಿ ಉಂಟು ಎಂದರು. ಎರಡನೆಯದೂ ಎದ್ದಿತು, ಮೂರನೆಯದೂ. ನಾಲ್ಕನೆಯದು ಹೊಟ್ಟೆ ಉಬ್ಬಿಸಿಕೊಂಡು ಹಠ ಮಾಡುತ್ತಿತ್ತು. ಎಬ್ಬಿಸಿದರೆ ಏಳುವುದು, ಬಿಟ್ಟರೆ ಮಲಗುವುದು.

ಅಷ್ಟರಲ್ಲಿ ನವರಾತ್ರಿ ಬಂತು. ಆಯುಧಪೂಜೆಯ ದಿನ ಸ್ಕೂಟರಿಗೆ ಪೂಜೆ ಮಾಡಿ ಅದೇ ಸಂಜೆ ಕಡಲಿಗೆ ಹೋಗುವುದು ಎಂದು ಚಿಕ್ಕಮ್ಮ ನಿಶ್ಚಯ ಮಾಡಿಬಿಟ್ಟಿದ್ದರು. ಮೋಡದ ಮಾತು ಅವರ ಬಾಯಲ್ಲಿ ಬರಲಿಲ್ಲ, ನೇರವಾಗಿ ‘ಹೋಗ್ತೇನೆ’ ಎಂದರು. ಹಾಗಾಗಿ ಮಾವ ಆ ಬೆಳಿಗ್ಗೆಯಿಂದಲೇ ನಾಲ್ಕನ್ನೂ ಒಂದಕ್ಕೊಂದು ಜೋಡಿಸಿ ಚಾರ್ಜಿಗೆ ಇಟ್ಟರು. ಕೊಟ್ಟಿಗೆಯ ಮಾಡು ಸೋರುತ್ತಿತ್ತು, ಹೊರಗೆ ಹಿಂಗಾರಿನ ಜಡಿ. ಚಿಕ್ಕಮ್ಮ ಹೊಲಿಗೆ ಮಾಡುವ ಕೋಣೆಯಲ್ಲಿ ನೆಲದ ಮೇಲೆ ಮಣೆ ಇಟ್ಟು ಅದರ ಮೇಲೆ ಸಾಲಾಗಿ ಕೂರಿಸಿದರು. ಬಟ್ಟೆಗಳು ಒದ್ದೆಯಾಗದಿರಲಿ ಎಂದು ಕಿಟಕಿ ಮುಚ್ಚಿತ್ತು. ಒಳಗಿನ ಗ್ಯಾಸು ಹೋಗಲಿ ಎಂದು ರಬ್ಬರ್ ಟೊಪ್ಪಿಗಳನ್ನು ತೆಗೆದೇ ಇಟ್ಟಿದ್ದರು. ಚಾರ್ಜು ಹಿಡಿದ ಗುರುತಾಗಿ ಚಾರ್ಜರಿನಲ್ಲಿ ಕೆಂಪು ದೀಪ ಬಂದಾಗ ಮನೆಯಲ್ಲಿ ಹಬ್ಬ ಶುರುವಾಯಿತು. ನೆರೆಮನೆಯ ಅಣ್ಣ ಬೀಡಿ ಸೇದುತ್ತಾ ನೋಡಲು ಬಂದಾಗ ಮಾವ ಅವರನ್ನು ಬಾಗಿಲಲ್ಲೇ ತಡೆದರು. ಇದರಿಂದ ಬರುವ ಗ್ಯಾಸಿಗೆ ಬೆಂಕಿ ತಾಗಬಾರದು, ಬೀಡಿ ಹೊರಗೆ ಬಿಸಾಡಿ ಬಾ ಎಂದರು. ಇದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಆಮೇಲಿನ ಎಷ್ಟೋ ವರ್ಷ ನನ್ನ ತಲೆಯೊಳಗೆ ಈ ಮಾತು ತಿರುಗಿದೆ.

ಮಧ್ಯಾಹ್ನದ ಊಟಕ್ಕೆ ಮೊದಲು ಅಜ್ಜಿ ಪೂಜೆಗೆ ಎಬ್ಬಿಸಿದರು. ಹೊಲಿಗೆ ಮೆಷಿನಿಗೆ, ಕತ್ತರಿಗೆ, ಕತ್ತಿ ಹಾರೆಗಳಿಗೆ ಆಯಿತು. ಸ್ಕೂಟರಿಗೆ ಮಾಡಲು ಮಾವ ಕೊಟ್ಟಿಗೆಯ ಕಡೆ ಹೊರಟಾಗ ಅಜ್ಜಿ, ‘ಅದರ ಜೀವ ಒಳಗೆ ಉಂಟಲ್ಲ, ಹೊರಗಿನ ತಗಡಿಗೆ ಎಂತ ಪೂಜೆ?’ ಎಂದರು. ಮಾತು ಸರಿಯಾಗಿಯೇ ಇತ್ತು, ಎಲ್ಲರಿಗೂ ಹಿಡಿಸಿತು. ಮಾವನೇ ನಾಲ್ಕು ಬ್ಯಾಟರಿಗಳಿಗೂ ಗಂಧ ಹಚ್ಚಿದರು, ಒಂದೊಂದಕ್ಕೂ ಕೆಂಪು ದಾಸವಾಳ ಇಟ್ಟರು. ನಡೆಯುತ್ತಿದ್ದ ಚಾರ್ಜನ್ನು ನಿಲ್ಲಿಸುವುದು ಅಪಶಕುನ ಎನಿಸಿತೋ ಏನೋ, ಹಾಗೆಯೇ ಬಿಟ್ಟರು. ಗಾಡಿ ಯಾರದೋ ಅವರೇ ಆರತಿ ಎತ್ತಬೇಕೆಂದು ಅಜ್ಜಿ ತಟ್ಟೆಯನ್ನು ಚಿಕ್ಕಮ್ಮನ ಕೈಗೆ ಕೊಟ್ಟರು. ಚಿಕ್ಕಮ್ಮ ಸ್ಟೂಲಿನ ಮೇಲೆ ಕೂತು ಮುಂದಕ್ಕೆ ಬಾಗಿದರು. ಬೆಳಿಗ್ಗೆ ಬೀಡಿಗೆ ಬೈದ ಮಾವ ಕೈಮುಗಿದು ನಿಂತಿದ್ದರು. ಬೀಡಿಯ ತುದಿಯಲ್ಲಿರುವುದು ಬೆಂಕಿ. ತಟ್ಟೆಯಲ್ಲಿರುವುದು ಆರತಿ. ಅವೆರಡು ಒಂದೇ ಎಂದು ನಮ್ಮಲ್ಲಿ ಯಾರ ಮನಸ್ಸಿಗೂ ಬರಲಿಲ್ಲ. ಕಾಲೇಜು ಓದಿದ ನಾನು ಬಾಗಿಲ ಬಳಿ ನಿಂತು ಗಂಟೆ ಬಾರಿಸುತ್ತಿದ್ದೆ.

ಇಲ್ಲಿಂದ ಮುಂದಿನದು ನನಗೆ ಸಾಲಾಗಿ ನೆನಪಿಲ್ಲ, ಚೂರುಚೂರಾಗಿ ಉಂಟು. ಉತ್ಸವಗಳಲ್ಲಿ ಸಿಡಿಸುವ ಗರ್ನಾಲನ್ನು ಕೊಡದೊಳಗೆ ಇಟ್ಟು ಸಿಡಿಸಿದ ಹಾಗೆ ಒಂದು ಸದ್ದು. ಕರ್ಪೂರದ ಬೆಳಕಲ್ಲದ ಇನ್ನೊಂದು ಬೆಳಕು. ಹಠದ ಆ ನಾಲ್ಕನೆಯ ಬ್ಯಾಟರಿಯ ಮೇಲ್ಭಾಗ ಹಾರಿ ಮಾಡಿನ ಪಕ್ಕಾಸಿನ ಮರಕ್ಕೆ ಬಡಿದು ಕೆಳಗೆ ಬಿತ್ತು. ದಾಸವಾಳ ಗೋಡೆಗೆ ಅಂಟಿತು. ಮಾವ ಹಿಂದಕ್ಕೆ ಹಾರಿದರು, ಅಜ್ಜಿ ಹೊರಗೆ ಓಡಿದರು, ನಾನು ಹೊಸ್ತಿಲಿನಾಚೆ ಬಿದ್ದೆ. ಮೂವರಿಗೂ ಓಡಲು ಕಾಲಿತ್ತು. ಚಿಕ್ಕಮ್ಮ ಕೂತಲ್ಲೇ ಇದ್ದರು. ತಟ್ಟೆ ಇನ್ನೂ ಕೈಯಲ್ಲಿತ್ತು. ಮುಖದ ಮೇಲಿಂದ ನೀರಿನ ಹಾಗೆ ಏನೋ ಇಳಿಯುತ್ತಿತ್ತು, ಅದು ನೀರಲ್ಲ ಎಂದು ನನಗೆ ಗೊತ್ತಿತ್ತು. ಎಲ್ಲಿಯೋ ಗಂಟೆ ಬಾರಿಸುತ್ತಲೇ ಇದೆ, ಯಾರು ಇಂಥ ಹೊತ್ತಿನಲ್ಲಿ ಎಂದುಕೊಂಡೆ. ಗಂಟೆ ನನ್ನ ಕೈಯಲ್ಲೇ ಇತ್ತು.

ಹೊರಗೆ ಓಡಿದ ಅಜ್ಜಿ ತಪ್ಪಿಸಿಕೊಳ್ಳಲು ಓಡಿದ್ದಲ್ಲ. ಬಾವಿಕಟ್ಟೆಯ ಮೇಲಿದ್ದ ತುಂಬಿದ ಕೊಡಪಾನವನ್ನು ಎತ್ತಿಕೊಂಡು ಬಂದು ಮಗಳ ತಲೆಯ ಮೇಲೆ ಹೊಯ್ದರು. ಅಷ್ಟಕ್ಕೆ ಮಾವನಿಗೂ ಎಚ್ಚರವಾಗಿ, ಅಕ್ಕನನ್ನು ಎತ್ತಿಕೊಂಡು ಬಾವಿಯ ಬಳಿ ಕೂರಿಸಿ, ಸೇದಿ ಸೇದಿ ಹೊಯ್ದರು. ಜಡಿಮಳೆ ಬೇರೆ. ಆಸಿಡ್ ತಾಗಿದ ಸೀರೆಯಲ್ಲಿ ನನ್ನ ಕಣ್ಣೆದುರೇ ತೂತುಗಳಾಗುತ್ತಿದ್ದವು.

ರಸ್ತೆಗೆ ಓಡಿದರೆ ಆಯುಧಪೂಜೆಯ ದಿನ ಯಾವ ಗಾಡಿ ಸಿಗುತ್ತದೆ? ಎಲ್ಲ ಗಾಡಿಗಳೂ ಪೂಜೆಗೆ ನಿಂತಿದ್ದವು. ಒಬ್ಬರು ರಿಕ್ಷಾದವರು ಚಕ್ರದಡಿಗೆ ಲಿಂಬೆಹಣ್ಣು ಇಟ್ಟು ಕಾಯಿ ಒಡೆಯಲು ಕೈ ಎತ್ತಿದ್ದರು. ನನ್ನ ಮುಖ ನೋಡಿ ಕಾಯಿಯನ್ನು ಒಡೆಯದೆ ಸೀಟಿನ ಮೇಲೆ ಇಟ್ಟು ಹೊರಟರು. ಎರಡು ಬದಿಗೆ ಬಾಳೆಕಂದು, ಮುಂದೆ ಚೆಂಡುಹೂವಿನ ಮಾಲೆ. ಉಡುಪಿ ದಾಟಿ ಮಣಿಪಾಲದ ಗುಡ್ಡ ಹತ್ತುವ ತನಕ ದಾರಿಯಲ್ಲಿ ಕಂಡವರು ನಮ್ಮನ್ನು ನೋಡಿ ನಗುತ್ತಿದ್ದರು, ಇಬ್ಬರು ಕೈಯನ್ನೂ ಬೀಸಿದರು. ಒಳಗೆ ಚಿಕ್ಕಮ್ಮ ನನ್ನ ಮಡಿಲಲ್ಲಿ ತಲೆಯಿಟ್ಟು ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದರು. ನಾನು ಬಾಟಲಿಯಿಂದ ಅವರ ರೆಪ್ಪೆಯ ಮೇಲೆ ನೀರು ಬಿಡುತ್ತಿದ್ದೆ. ಆ ಮುಚ್ಚಿದ ಕಣ್ಣಿನ ಮುಖವೇ ನನಗೆ ಈಗಲೂ ಅಡ್ಡ ಬರುವುದು.

ಆಸ್ಪತ್ರೆಯಲ್ಲಿ ಬಹಳ ಹೊತ್ತು ಕಣ್ಣು ತೊಳೆದರು. ಕಣ್ಣು ಉಳಿಯುತ್ತದೆ ಎಂದು ಡಾಕ್ಟರು ಹೇಳಿದಾಗ ಮಾವ ಗೋಡೆಗೆ ಒರಗಿ ಅಲ್ಲೇ ಕೂತುಬಿಟ್ಟರು. ಆರತಿ ಎತ್ತುವಾಗ ಕಣ್ಣು ಮುಚ್ಚಿ ಪ್ರಾರ್ಥಿಸುವ ಅಭ್ಯಾಸ ಚಿಕ್ಕಮ್ಮನಿಗೆ ಇತ್ತು, ಅದರಿಂದ ರೆಪ್ಪೆ ಸುಟ್ಟಿತು, ಕಣ್ಣು ಉಳಿಯಿತು. ಕೂಡಲೇ ನೀರು ಹೊಯ್ದದ್ದು ಯಾರು, ಒಳ್ಳೆಯ ಕೆಲಸ ಮಾಡಿದಿರಿ ಎಂದು ಡಾಕ್ಟರು ಹೊಗಳಿದಾಗ ಅಜ್ಜಿ, ತಾನು ಬೆಂಕಿ ಹಿಡಿಯಿತೆಂದು ಹೊಯ್ದದ್ದು, ಬೇರೆ ಎಂತ ಗೊತ್ತಿರಲಿಲ್ಲ ಎಂದು ಮುಜುಗರದಿಂದ ಹೇಳಿದರು. ಎಡಗಣ್ಣಿಗೆ ಪಟ್ಟಿ ಕಟ್ಟಿದ್ದರು. ಚಿಕ್ಕಮ್ಮ ಮಾವನನ್ನು ಹತ್ತಿರ ಕರೆದರು. ನಾವೆಲ್ಲ ಏನೋ ಬೈಗುಳ ಬರುತ್ತದೆ ಎಂದು ಕಾದೆವು.

‘ಶೀನ, ಉಳಿದ ಮೂರು ಸರಿ ಉಂಟಾ?’

ಮನೆಗೆ ಬಂದ ಮೇಲೆ ಮೂರರ ಸುದ್ದಿ ಎತ್ತುವ ಹಾಗಿರಲಿಲ್ಲ. ಆ ಸ್ಕೂಟರನ್ನು ಗುಜರಿಗೆ ಕೊಡು ಎಂದು ಅಜ್ಜಿ ಪಟ್ಟು ಹಿಡಿದರು. ಮಾವ ಅದಕ್ಕೆ ಟಾರ್ಪಾಲು ಹೊದೆಸಿ ಕೊಟ್ಟಿಗೆಯ ಬಾಗಿಲು ಎಳೆದುಕೊಂಡರು. ಬಹರೈನಿನ ಹೆಸರು ಅವರ ಬಾಯಿಂದ ಹೋಯಿತು, ಮಿಕ್ಸಿ ಕೆಟ್ಟರೂ ಪೇಟೆಗೆ ಕಳಿಸತೊಡಗಿದರು. ನಾನು ರಾತ್ರಿ ಎದ್ದು ಎಲ್ಲ ಸ್ವಿಚ್ಚುಗಳನ್ನು ನೋಡಿ ಬರುವುದನ್ನು ಕಲಿತೆ. ಚಿಕ್ಕಮ್ಮನ ಕೆನ್ನೆ ಮತ್ತು ಕೈಯ ಗಾಯ ಒಣಗಿ ಕಂದು ಚುಕ್ಕೆಗಳಾದವು. ಮತ್ತೆ ಹೊಲಿಗೆಗೆ ಕೂತರು. ಮೆಷಿನಿನ ಸದ್ದು ಮೊದಲಿನ ಹಾಗೆಯೇ ಇತ್ತು. ಒಂದು ದಿನ ನಾನು ಆಫೀಸಿಗೆ ಹೊರಟಾಗ ಅವರು ಬಟ್ಟೆಯಿಂದ ತಲೆಯೆತ್ತದೆ, ‘ಇವತ್ತು ಮೋಡ ಇಲ್ಲ ಅಲ್ವಾ’ ಎಂದರು. ನನಗೆ ಬಸ್ಸು ನಿಲ್ದಾಣದ ತನಕ ದಾರಿ ಸರಿಯಾಗಿ ಕಾಣಲಿಲ್ಲ.

ಅದನ್ನು ಮಾವನೂ ಕೇಳಿಸಿಕೊಂಡಿರಬೇಕು. ಆ ಸಂಜೆ ಅವರು ಜಗಲಿಯಲ್ಲಿ ಕೂತಿದ್ದಾಗ ಚಿಕ್ಕಮ್ಮ ಗೋಡೆ ಹಿಡಿದುಕೊಂಡು ಬಂದು ಎದುರು ನಿಂತರು.

‘ನೀನು ಅದನ್ನು ಹಾಳು ಮಾಡ್ಲಿಲ್ಲ ಶೀನ. ಮುಕ್ಕಾಲು ಸರಿ ಮಾಡಿ ಬಿಟ್ಟಿದ್ದಿ. ಉಳಿದದ್ದನ್ನು ಮಾಡು.’

ಮಾವ ಆಗುವುದಿಲ್ಲ ಎಂದರು. ಅಕ್ಕನ ಕೆನ್ನೆ ನೋಡಿದರೆ ತನಗೆ ಅನ್ನ ಸೇರುವುದಿಲ್ಲ ಎಂದರು.

‘ಹಾಗಾದರೆ ಕೆನ್ನೆ ನೋಡ್ಬೇಡ. ಕಾಲು ನೋಡು.’

ಮಾವ ಎದ್ದು ಹೋದರು. ಮರುದಿನ ಕಾರ್ಕಳದಿಂದ ಒಂದು ಬ್ಯಾಟರಿ ತಂದರು. ಈ ಸಲ ಎಲ್ಲವೂ ಅಂಗಳದ ನಡುವೆ, ಆಕಾಶದ ಕೆಳಗೆ. ಮಳೆ ಪೂರ್ತಿ ಹಿಂದೆ ಸರಿದಿತ್ತು. ಅಂಗಳದಲ್ಲಿ ತುಳಸಿಕಟ್ಟೆ ಇದೆ, ಸಂಜೆ ಅಲ್ಲಿ ದೀಪ ಇಡದೆ ಅಜ್ಜಿ ನೀರು ಕುಡಿದವರಲ್ಲ. ಆದರೆ ಬ್ಯಾಟರಿಗಳು ಚಾರ್ಜಿನಲ್ಲಿದ್ದ ಸಂಜೆಗಳಲ್ಲಿ ಅವರು ದೀಪವನ್ನು ಹಚ್ಚದೆ ಕೈಯಲ್ಲಿ ಹಿಡಿದುಕೊಂಡು ಜಗಲಿಯ ತುದಿಯಲ್ಲಿ ಕೂತಿರುತ್ತಿದ್ದರು. ಮಾವ ಪ್ಲಗ್ಗು ಕಿತ್ತು ಬ್ಯಾಟರಿಗಳನ್ನು ಕೊಟ್ಟಿಗೆಗೆ ಸಾಗಿಸಿ ಬಂದು ತಲೆಯಾಡಿಸಿದ ಮೇಲೆ ಇಳಿದು ಹೋಗಿ ಹಚ್ಚುತ್ತಿದ್ದರು. ಸ್ಕೂಟರನ್ನು ಗುಜರಿಗೆ ಕೊಡುವ ಮಾತು ಆಮೇಲೆ ಬರಲಿಲ್ಲ. ನಾನು ಮಾತ್ರ ಆ ಹೊತ್ತಿನಲ್ಲಿ ಬಟ್ಟೆ ಒಗೆಯುವ ಕಲ್ಲಿನ ಹಿಂದೆ ನಿಂತಿರುತ್ತಿದ್ದೆ. ಮಾವ ಅದನ್ನು ನೋಡಿ, ಕಲ್ಲಿಗೆ ಹೆದರಿಕೆ ಆಗದ ಹಾಗೆ ನೋಡಿಕೋ ಮಾರಾಯ್ತಿ ಎಂದು ತಮಾಷೆ ಮಾಡಿದರು. ಆ ಘಟನೆಯ ನಂತರ ಅವರು ಆಡಿದ ಮೊದಲ ತಮಾಷೆ ಅದು.

ಒಂದು ಆದಿತ್ಯವಾರ ಮಧ್ಯಾಹ್ನ ಸ್ಕೂಟರು ಅಂಗಳದಲ್ಲಿ ಮುಂದಕ್ಕೂ ಹಿಂದಕ್ಕೂ ಹೋಗಿ ಬಂತು. ಚಿಕ್ಕಮ್ಮ ಸೀರೆ ಬದಲಿಸಿ ಬಂದರು. ನಾನು ಚಪ್ಪಲಿ ಹಾಕಿಕೊಂಡು ಹಿಂದಿನ ಸೀಟಿನ ಬಳಿ ಹೋಗಿ ನಿಂತೆ. ಆ ಸೀಟಿನ ಕೆಳಗೆ ಏನಿದೆ ಎಂದು ನನಗೆ ಗೊತ್ತಿತ್ತು, ಆದರೂ ಅವರೊಬ್ಬರನ್ನೇ ಕಳಿಸುವುದು ಹೇಗೆ? ಅವರು ನನ್ನ ಕೈಯನ್ನು ಸೀಟಿನಿಂದ ಮೆಲ್ಲಗೆ ತೆಗೆದರು.

‘ನೀನು ಬಂದರೆ ನೀನು ಕರಕೊಂಡು ಹೋದ ಹಾಗೆ ಆಗ್ತದೆ. ಇವತ್ತು ನಾನು ಹೋಗುವುದು.’

ಹೋದರು. ಬೇರೆ ಗಾಡಿಯಾಗಿದ್ದರೆ ತಿರುವಿನ ತನಕ, ಹೆದ್ದಾರಿಯ ತನಕ ಸದ್ದು ಕೇಳುತ್ತಿತ್ತು, ಇಲ್ಲಿಗೆ ಮುಟ್ಟಿದರು, ಅಲ್ಲಿಗೆ ಮುಟ್ಟಿದರು ಎಂದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಇದು ಗೇಟು ದಾಟಿದ ಕೂಡಲೇ ಇಲ್ಲವಾಯಿತು. ಅಜ್ಜಿ, ಮಾವ, ನಾನು ಮೂವರೂ ಗೇಟಿನಲ್ಲಿ ನಿಂತೆವು. ಚಹಾದ ಹೊತ್ತು ಕಳೆಯಿತು. ಹೆದ್ದಾರಿಯಲ್ಲಿ ಲಾರಿಗಳ ಹಾರ್ನು ಕೇಳಿದಾಗಲೆಲ್ಲ ಅಜ್ಜಿ ನನ್ನ ತೋಳು ಹಿಡಿಯುತ್ತಿದ್ದರು. ಗಾಳಿಯಲ್ಲಿ ಒಂದು ಟೈರು ಒಡೆದ ಸದ್ದು ಬಂದಾಗ ನಾನು ಅಲ್ಲಿಯೇ ಕೂತುಬಿಟ್ಟೆ. ಬೆಳಕು ಹಳದಿಯಾಗಿ, ಆಮೇಲೆ ಕೆಂಪಾಯಿತು. ಮಾವ ಇನ್ನು ಹುಡುಕಿಕೊಂಡು ಹೋಗುತ್ತೇನೆ ಎಂದು ಅಂಗಿ ಹಾಕಿಕೊಂಡರು.

ಆಗ ರಸ್ತೆಯ ತಿರುವಿನಲ್ಲಿ ಮಾತು, ನಗು ಕೇಳಿಸಿತು. ಇಬ್ಬರು ಮೀನುಗಾರರು ಹಿಂದಿನಿಂದ ಸ್ಕೂಟರನ್ನು ತಳ್ಳಿಕೊಂಡು ಬರುತ್ತಿದ್ದರು. ಚಿಕ್ಕಮ್ಮ ಬೆನ್ನು ನೆಟ್ಟಗೆ ಮಾಡಿ ಕೂತು ಹ್ಯಾಂಡಲ್ ಹಿಡಿದಿದ್ದರು, ಚರಂಡಿಯ ಕಡೆಗೆ ಎಳೆಯುವ ಅದನ್ನು ಬೈಯುತ್ತಾ. ಮಾವ ಎಬ್ಬಿಸಿದ ಬ್ಯಾಟರಿಗಳಲ್ಲಿ ಕಡಲನ್ನು ಮುಟ್ಟುವಷ್ಟು ಮಾತ್ರ ಜೀವ ಇತ್ತು. ಹಿಂದೆ ಬರುವಷ್ಟು ಇರಲಿಲ್ಲ.

‘ಹೋಗುವುದಕ್ಕೆ ಮಾತ್ರ ಕರೆಂಟು ಹಾಕಿದ್ದಾ ನೀನು?’ ಎಂದು ಮಾವನನ್ನು ಕೇಳಿದರು. ಅಳುತ್ತಿದ್ದ ಮಾವ ನಕ್ಕುಬಿಟ್ಟರು. ಅಜ್ಜಿ ಮೀನುಗಾರರನ್ನು ಚಹಾಕ್ಕೆ ಕರೆದು ಒಳಗೆ ಹೋದರು.

ಇಳಿಯುವಾಗ ಅವರಿಗೆ ನಾನು ಹೆಗಲು ಕೊಟ್ಟೆ. ಸೀರೆಯ ಅಂಚೆಲ್ಲ ಮರಳು, ಕೂದಲಿನಲ್ಲಿ ಉಪ್ಪು ಗಾಳಿ. ಅಷ್ಟು ಹೊತ್ತು ಅಲ್ಲಿ ಎಂತ ಮಾಡಿದಿರಿ, ಗಾಡಿ ನಿಂತ ಕೂಡಲೇ ಯಾರ ಹತ್ತಿರವಾದರೂ ಹೇಳಿ ಕಳಿಸಬಾರದಿತ್ತಾ ಎಂದು ಗದರಿದೆ.

‘ಎಂತ ಮಾಡ್ಲಿಲ್ಲ. ಕೂತಿದ್ದೆ’ ಎಂದರು. ನನ್ನ ಹೆಗಲಿನ ಮೇಲೆ ಭಾರ ಬಿಟ್ಟು ಒಂದು ಕ್ಷಣ ಉಸಿರು ತೆಗೆದುಕೊಂಡರು. ‘ಇನ್ನು ಹೊರಡುವಾ ಅಂತ ಹೇಳ್ಲಿಕ್ಕೆ ಯಾರೂ ಇರ್ಲಿಲ್ಲ.’